ಯುಗಾದಿಯ ಚಂದ್ರ, ರಂಜಾನಿನ ಚಂದ್ರ

ನಮ್ಮ ಮನೆಯಲ್ಲಿ ನನಗೆ ‘ಸಿಡುಕು ತಾತ’ ಎಂದು ಹೆಸರು. ಹೆಸರಿಟ್ಟವನು ಏಳನೆಯ ತರಗತಿಯ ಮೊಮ್ಮಗ. ಬ್ಯಾಂಕಿನಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ಮಗನ ಮನೆ ಸೇರಿ ಹದಿಮೂರು ವರ್ಷವಾಯಿತು. ಈ ಊರಿನಲ್ಲಿ ಸಿಡುಕದೆ ಬದುಕುವುದು ಹೇಗೆಂದು ಯಾರಾದರೂ ಹೇಳಿಕೊಟ್ಟರೆ ಈ ವಯಸ್ಸಿನಲ್ಲೂ ಕಲಿಯಲು ತಯಾರಿದ್ದೇನೆ. ಗಣೇಶನ ಹಬ್ಬಕ್ಕೆ ಮೈಕು, ದೀಪಾವಳಿಗೆ ಪಟಾಕಿ, ಡಿಸೆಂಬರ್ 31ಕ್ಕೆ ನಡುರಾತ್ರಿಯ ಕೂಗು, ಎಲ್ಲಕ್ಕೂ ಬಾಲ್ಕನಿಯಲ್ಲಿ ನಿಂತು ಗೊಣಗುವವನು ನಾನು. ಅದರಲ್ಲೂ ರಂಜಾನ್ ತಿಂಗಳು ಬಂದರೆ ಗೊಣಗಾಟ ಒಂದು ಸುತ್ತು ಹೆಚ್ಚು. ಸಂಜೆಯಾದರೆ ನಮ್ಮ ಬೀದಿಯ ಕೊನೆಯಲ್ಲಿ ಸಮೋಸ, ಹಣ್ಣು, ಶರಬತ್ತಿನ ಅಂಗಡಿಗಳು ಏಳುತ್ತವೆ. ತಿನ್ನಲು ಬರುವವರಲ್ಲಿ ಉಪವಾಸ ಮಾಡಿದವರಷ್ಟೇ ಮಾಡದವರೂ ಇರುತ್ತಾರೆ. ಎಲ್ಲರ ಸ್ಕೂಟರುಗಳೂ ನಮ್ಮ ಗೇಟಿನ ಮುಂದೆ. ನಸುಕಿನ ನಾಲ್ಕಕ್ಕೆ ಸಹ್ರಿಗೆ ಎಬ್ಬಿಸುವ ಕೂಗು ಬೇರೆ. ಎಪ್ಪತ್ತು ದಾಟಿದವನಿಗೆ ನಾಲ್ಕಕ್ಕೆ ಎಚ್ಚರವಾಗುವುದು ಹೇಗೂ ಇದ್ದದ್ದೇ. ಆದರೆ ಇನ್ನೊಬ್ಬರ ತಲೆಗೆ ಕಟ್ಟಲು ಒಂದು ಕಾರಣ ಸಿಕ್ಕಿದರೆ ಬಿಡುವುದುಂಟೆ?

2025ರ ಮಾರ್ಚ್ ಕೊನೆಯಲ್ಲಿ ಶನಿವಾರ ಅಮಾವಾಸ್ಯೆ, ಭಾನುವಾರ ಯುಗಾದಿ, ಚಂದ್ರ ಕಂಡರೆ ಸೋಮವಾರ ರಂಜಾನ್. ಸಾಲಾಗಿ ಮೂರು ದಿನ ರಜೆ. ಅರ್ಧ ಬೆಂಗಳೂರು ಮೆಜೆಸ್ಟಿಕ್ಕಿನಲ್ಲಿ ನಿಂತಿತ್ತು. ಅಮಾವಾಸ್ಯೆಯ ದಿನ ಪ್ರಯಾಣ ಬೇಡವೆಂದು ಕಡೂರಿನಿಂದ ಅತ್ತಿಗೆ ಫೋನಿನಲ್ಲಿ ಹೇಳಿದರೂ ಕೇಳದೆ, ಮೊಮ್ಮಗನ ಕೈ ಹಿಡಿದುಕೊಂಡು ಅಣ್ಣನ ಮನೆಗೆ ಹೊರಟೆ. ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಎದುರಿನ ಸೀಟಿನಲ್ಲಿ ಒಂದು ಸಂಸಾರ: ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಜ್ಜಿ. ತುಮಕೂರು ದಾಟಿತು. ತಿಪಟೂರಿನ ತೆಂಗಿನ ತೋಟಗಳ ಹಿಂದೆ ಸೂರ್ಯ ಇಳಿಯುತ್ತಿದ್ದ. ಆ ಅಜ್ಜಿ ಮಡಿಲಿನಲ್ಲಿ ಒಂದು ಡಬ್ಬಿ ಇಟ್ಟುಕೊಂಡು, ಮುಚ್ಚಳ ತೆಗೆಯದೆ, ಕಿಟಕಿಯನ್ನೇ ನೋಡುತ್ತಿದ್ದರು. ಆಕೆಯ ಮಗ ಮೊಬೈಲಿನಲ್ಲಿ ಹೊತ್ತು ನೋಡಿ ತಲೆಯಾಡಿಸಿದ. ಡಬ್ಬಿ ತೆರೆಯಿತು. ತಾವು ಬಾಯಿಗೆ ಹಾಕಿಕೊಳ್ಳುವ ಮೊದಲು ಆಕೆ ಎರಡು ಖರ್ಜೂರ ತೆಗೆದು ನಮ್ಮ ಕಡೆ ಚಾಚಿದರು.

ಮೊಮ್ಮಗ ತೆಗೆದುಕೊಂಡ. “ನನಗೆ ಬೇಡಮ್ಮ, ಸಕ್ಕರೆ ಕಾಯಿಲೆ” ಅಂದೆ.

“ತಾತ, ನಿಮಗೆ ಶುಗರ್ ಇಲ್ವಲ್ಲ!” ಅಂದ ಹುಡುಗ, ಇಡೀ ಬೋಗಿಗೆ ಕೇಳುವ ಹಾಗೆ.

ಖರ್ಜೂರ ಬೇಡವೆಂದದ್ದಕ್ಕೆ ಕಾರಣವಿತ್ತು. ಮನೆಯಲ್ಲಿ ಯಾರಿಗೂ ಹೇಳಿದ ಕಾರಣವಲ್ಲ. ನಾನು ಮುಖ ತಿರುಗಿಸಿ ಕತ್ತಲಾಗುವವರೆಗೆ ಕಿಟಕಿಯಾಚೆ ನೋಡುತ್ತ ಕೂತೆ.

ಕಡೂರಿನಲ್ಲಿ ನಮ್ಮಣ್ಣನ ಮನೆ ಬಿ.ಎಚ್. ರಸ್ತೆಯ ಹಿಂದಿನ ಓಣಿಯಲ್ಲಿದೆ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹಳೆಯ ದಾರಿಯೇ ಬಿ.ಎಚ್. ರಸ್ತೆ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ಎಲ್ಲ ಅದೇ ದಾರಿಗೆ ಪೋಣಿಸಿದ ಊರುಗಳು. ನನ್ನ ಬಾಲ್ಯದ ಕಡೂರಿನಲ್ಲಿ ಈ ರಸ್ತೆಯಲ್ಲಿ ಎತ್ತಿನ ಗಾಡಿಗಳೇ ಹೆಚ್ಚು. ಈಗ ಯುಗಾದಿಯ ಮುನ್ನಾದಿನ ಒಂದು ಪಕ್ಕದಲ್ಲಿ ಮಾವಿನ ಸೊಪ್ಪು, ಬೇವಿನ ಹೂವು ಮಾರುವವರು, ಇನ್ನೊಂದು ಪಕ್ಕದಲ್ಲಿ ಶಾವಿಗೆ, ಟೋಪಿ, ಬಳೆ, ಅತ್ತರು ಮಾರುವವರು, ನಡುವೆ ಹಾರ್ನು ಒತ್ತುತ್ತ ನಿಂತ ಲಾರಿಗಳು. ಕಡೂರೂ ಬೆಂಗಳೂರಾಯಿತು ಎಂದು ಗೊಣಗಿದೆ. ಅಣ್ಣ, “ನೀನು ಬಂದಮೇಲೆ ಆಗಿರಬೇಕು” ಅಂದ.

ಯುಗಾದಿಯ ಸಂಜೆ ಚಂದ್ರನನ್ನು ನೋಡುವುದು ನಮ್ಮ ಕಡೆ ರೂಢಿ. ನೋಡಿ, ಕೈಮುಗಿದು, ಮನೆಯ ಹಿರಿಯರಿಗೆ ನಮಸ್ಕಾರ ಮಾಡಬೇಕು. ಚಂದ್ರನ ಕೋಡು ಯಾವ ಕಡೆಗೆ ಏರಿದೆ ಎಂದು ನೋಡಿ ನಮ್ಮಣ್ಣ ಆ ವರ್ಷದ ಮಳೆ ಹೇಳುತ್ತಾನೆ (ಅವನು ಹೇಳಿದ್ದಕ್ಕೂ ಬಂದ ಮಳೆಗೂ ತಾಳೆ ನೋಡುವ ಗುಮಾಸ್ತನ ಕೆಲಸ ನಾನು ಮಾಡಿಲ್ಲ). ಆರೂವರೆಯ ಹೊತ್ತಿಗೆ ಎಲ್ಲರೂ ಮಹಡಿ ಹತ್ತಿದೆವು. ಕಡೂರಿನಿಂದ ಪಡುವಣಕ್ಕೆ ನೋಡಿದರೆ ಬಾಬಾಬುಡನ್ ಬೆಟ್ಟಗಳ ಸಾಲು ನೀಲಿಯಾಗಿ ಕಾಣುತ್ತದೆ. ಕೆಮ್ಮಣ್ಣುಗುಂಡಿಯ ದಿಕ್ಕಿನಲ್ಲಿ ಸೂರ್ಯ ಆಗತಾನೇ ಇಳಿದಿದ್ದ. ಯೆಮನ್ ದೇಶದಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರು ಎನ್ನುವ ಬಾಬಾ ಬುಡನ್ ಅವರ ಕಥೆಯನ್ನು ಮೊಮ್ಮಗನಿಗೆ ಹೇಳುತ್ತಿದ್ದೆ. ಅವನ ಕಣ್ಣು ಮಾತ್ರ ಪಕ್ಕದ ಮನೆಯ ಮಹಡಿಯ ಮೇಲಿತ್ತು.

ಅಲ್ಲೂ ಜನ. ನಾಲ್ಕಾರು ಮಕ್ಕಳು, ಅವರ ಅಪ್ಪಂದಿರು, ಒಬ್ಬ ಮುದುಕಿ. ಅವರೂ ಕೆಮ್ಮಣ್ಣುಗುಂಡಿಯ ದಿಕ್ಕಿಗೇ ಮುಖ ಮಾಡಿ ನಿಂತಿದ್ದರು.

“ಅವರೂ ಯುಗಾದಿ ಚಂದ್ರನನ್ನೇ ನೋಡ್ತಾರಾ ತಾತ?”

“ಅವರದು ರಂಜಾನ್ ಚಂದ್ರ ಕಣೋ.”

“ಎರಡೂ ಬೇರೆ ಬೇರೆನಾ?”

ನಾನು ಉತ್ತರ ಕೊಡುವ ಮೊದಲೇ ಆ ಮುದುಕಿ ಕೂಗಿದರು: “ಅಗೋ ಅಣ್ಣಾ, ತೆಂಗಿನ ಗರಿ ಪಕ್ಕದಾಗೆ! ಸ್ವಲ್ಪ ಮ್ಯಾಲೆ ನೋಡ್ರಿ!” ಕಣ್ಣಿನ ಪೊರೆ ತೆಗೆಸಿಕೊಂಡ ನನಗೆ ಬರೀ ಬೂದು ಆಕಾಶ. ಮೊಮ್ಮಗ ನನ್ನ ಗಲ್ಲ ಹಿಡಿದು ತಿರುಗಿಸಿದ. ಕಂಡಿತು. ಕತ್ತರಿಸಿ ಎಸೆದ ಉಗುರಿನಷ್ಟು. ಎರಡು ಮಹಡಿಯಲ್ಲೂ ಒಟ್ಟಿಗೆ ಗದ್ದಲವೆದ್ದಿತು. ಇಲ್ಲಿ ಕೈಮುಗಿದರು, ಅಲ್ಲಿ ಅಂಗೈ ಬಿಚ್ಚಿ ಹಿಡಿದರು. ಸ್ವಲ್ಪ ಹೊತ್ತಿಗೆ ಮಸೀದಿಯ ಮೈಕಿನಲ್ಲೂ ನಾಳೆ ಹಬ್ಬವೆಂದು ಸಾರಿದರು. ಮೈಕಿನ ಬಗ್ಗೆ ಏನಾದರೂ ಅನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅತ್ತಿಗೆ ಒಬ್ಬಟ್ಟಿನ ತಟ್ಟೆಯನ್ನು ಗೋಡೆಯ ಮೇಲಿಂದ ಆ ಮನೆಗೆ ದಾಟಿಸುತ್ತಿದ್ದರು.

ಹುಡುಗ ಪ್ರಶ್ನೆ ಬಿಡಲಿಲ್ಲ. ಮಕ್ಕಳೇ, ನೀವೂ ಕೇಳಬಹುದು, ಅದಕ್ಕೆ ಇಲ್ಲಿ ಲೆಕ್ಕ ಬಿಡಿಸಿ ಹೇಳುತ್ತೇನೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳೆಂದು ಹಿಡಿದರೆ ಹನ್ನೆರಡು ತಿಂಗಳಿಗೆ ಸುಮಾರು 354 ದಿನ. ಸೂರ್ಯನ ವರ್ಷಕ್ಕೆ 365. ವರ್ಷಕ್ಕೆ ಹನ್ನೊಂದು ದಿನ ಖೋತಾ. ನಮ್ಮ ಪಂಚಾಂಗದವರು ಈ ಖೋತಾವನ್ನು ಕೂಡಿಸಿಕೊಂಡು ಬಂದು, ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಸೇರಿಸಿ ಲೆಕ್ಕ ಸರಿಮಾಡುತ್ತಾರೆ. ಹಾಗಾಗಿ ಯುಗಾದಿ ಮಾರ್ಚ್, ಏಪ್ರಿಲ್ ಬಿಟ್ಟು ಕದಲುವುದಿಲ್ಲ. ಮುಸಲ್ಮಾನರ ಹಿಜರಿ ಪಂಚಾಂಗದಲ್ಲಿ ಅಧಿಕ ಮಾಸ ಇಲ್ಲ. ಆದ್ದರಿಂದ ರಂಜಾನ್ ವರ್ಷವರ್ಷವೂ ಹನ್ನೊಂದು ದಿನ ಹಿಂದೆ ಸರಿಯುತ್ತ ಮಳೆಗಾಲ, ಚಳಿಗಾಲ, ಬೇಸಗೆ ಎಲ್ಲವನ್ನೂ ಸುತ್ತುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದು ಹೋದ ಮೇಲೆ ಎರಡು ಹಬ್ಬಗಳೂ ಜೊತೆಗೆ ನಡೆಯುತ್ತಿವೆ: 2024ರಲ್ಲಿ ಯುಗಾದಿಯಾದ ಎರಡು ದಿನಕ್ಕೆ ರಂಜಾನ್, 2025ರಲ್ಲಿ ಮಾರನೆಯ ದಿನವೇ. 2026ರಲ್ಲೂ ಹಾಗೆಯೇ ಬೆನ್ನುಬೆನ್ನಿಗೆ. ಆ ವರ್ಷದ ಬೇಸಗೆಯಲ್ಲಿ ಅಧಿಕ ಜ್ಯೇಷ್ಠ ಬರುತ್ತದೆ; ಅಲ್ಲಿಂದ ದಾರಿ ಬೇರೆ. ರಂಜಾನ್ ಒಂದು ಸುತ್ತು ಮುಗಿಸಿ ಮತ್ತೆ ಇದೇ ಹವಾಮಾನಕ್ಕೆ ಬರಲು ಸುಮಾರು 33 ವರ್ಷ ಬೇಕು.

“ಹಾಗಾದ್ರೆ ಹಿಂದೆ ಹೀಗೆ ಆಗಿದ್ದು ಯಾವಾಗ?” ಹುಡುಗ ಬೆರಳೆಣಿಸಿ, “1992!” ಅಂದ.

ಗೊತ್ತಿತ್ತು. ಅವನು ಎಣಿಸುವ ಮೊದಲೇ ನನಗೆ ಗೊತ್ತಿತ್ತು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಗ್ಗೆ ಎದ್ದು, “ನಡಿ, ತರೀಕೆರೆಗೆ ಹೋಗಿ ಬರೋಣ, ನಾನು ಕೆಲಸ ಮಾಡಿದ ಬ್ಯಾಂಕ್ ತೋರಿಸ್ತೀನಿ. ಅಲ್ಲಿಂದ ಅಜ್ಜಂಪುರ” ಅಂದೆ. ಅತ್ತಿಗೆ ಕೇಳದೆಯೇ ಒಂದು ಡಬ್ಬಿ ಒಬ್ಬಟ್ಟು ಕಟ್ಟಿಕೊಟ್ಟರು.

ಸೋಮವಾರ, ಮಾರ್ಚ್ 31. ಬಸ್ಸು ಸ್ವಲ್ಪ ದೂರ ಹೋಗಿ ನಿಂತಿತು. ಈದ್ಗಾ ಕಡೆಗೆ ಜನ ಹೋಗುತ್ತಿದ್ದರು. ಪೊಲೀಸರು ವಾಹನ ತಡೆದಿದ್ದರು. ಇಪ್ಪತ್ತು ನಿಮಿಷ. ಮಾರ್ಚ್ 31ಕ್ಕೆ ರಜೆ ಎಂಬುದೇ ನನ್ನಂಥವನ ಹೊಟ್ಟೆಗೆ ಒಗ್ಗದ ಮಾತು. ಅಂದೇ ಬ್ಯಾಂಕಿನ ವರ್ಷದ ಕೊನೆ. (ಸರಕಾರಿ ಲೆಕ್ಕ ನೋಡುವ ಬ್ಯಾಂಕುಗಳನ್ನು ಈ ಸಲ ಹಬ್ಬವಿದ್ದರೂ ತೆರೆದಿಡಬೇಕೆಂದು ರಿಸರ್ವ್ ಬ್ಯಾಂಕು ಹೇಳಿತ್ತು. ಓದಿ, ಪಾಪ ಎನ್ನಿಸಿತು.) ಬಿಳಿ ಬಟ್ಟೆ ತೊಟ್ಟ ಮಕ್ಕಳು ಅಪ್ಪನ ಬೆರಳು ಹಿಡಿದು ಓಡುನಡಿಗೆಯಲ್ಲಿ ಹೋಗುತ್ತಿದ್ದರು. ನಮಾಜಿಗೆ ಮೊದಲೇ ಬಡವರಿಗೆ ಫಿತ್ರ ಕೊಟ್ಟಿರಬೇಕು, ಅವರ ಮನೆಯಲ್ಲೂ ಒಲೆ ಹತ್ತಬೇಕಲ್ಲ. ಅದರ ಜೊತೆಗೆ ಜಕಾತ್ ಉಂಟು. ಅನುಕೂಲಸ್ಥರು ವರ್ಷವಿಡೀ ಕೈಯಲ್ಲಿ ಉಳಿದ ಹಣದ ನಲವತ್ತರಲ್ಲೊಂದು ಪಾಲು ದಾನ ಮಾಡಬೇಕು. ಶೇಕಡಾ ಎರಡೂವರೆ. ಈ ಲೆಕ್ಕವನ್ನು ನನಗೆ ಹೇಳಿಕೊಟ್ಟವರ ಊರಿಗೇ ಈಗ ಹೊರಟಿದ್ದೆ.

ತರೀಕೆರೆ ಅಂದ ಕೂಡಲೇ ಏರಿ ಮೇಲಿನ ಮೂರು ಕರಿ ಕುರಿಮರಿಗಳ ಮಾತು ನೆನಪಾಗದ ಕನ್ನಡದ ಮಗುವಿಲ್ಲ. ಮೊಮ್ಮಗ ಮೂರನೇ ಸಲಕ್ಕೆ ತೊದಲಿ, “ಇವತ್ತು ಆ ಮರಿಗಳಿಗೆ ಕಷ್ಟ ತಾತ” ಅಂದ. ಕುರಿಯ ಹಬ್ಬ ಬಕ್ರೀದ್, ಅದು ಎರಡು ತಿಂಗಳ ಮೇಲೆ ಬರುತ್ತದೆ, ಇದು ಉಪವಾಸ ಮುಗಿಸುವ ಶಾವಿಗೆಯ ಹಬ್ಬ ಎಂದು ತಿದ್ದಿದೆ. ಇಲ್ಲಿಂದ ಮಲೆನಾಡು ಶುರು. ಬೆಟ್ಟ ಹತ್ತಿರ ಬರುತ್ತದೆ, ಅಡಿಕೆ ತೋಟದ ತಂಪು ಮುಖಕ್ಕೆ ಹೊಡೆಯುತ್ತದೆ. ‘ಕರ್ನಾಟಕದ ಸೂಫಿಗಳು’ ಬರೆದ ರಹಮತ್ ತರೀಕೆರೆಯವರು ಹುಟ್ಟಿದ ಸಮತಳ ಎಂಬ ಹಳ್ಳಿ ಇದೇ ತಾಲ್ಲೂಕಿನಲ್ಲಿದೆ.

ನಮ್ಮ ಶಾಖೆ ಇದ್ದ ಕಟ್ಟಡದಲ್ಲಿ ಈಗ ಮೊಬೈಲ್ ಅಂಗಡಿ. ಮೆಟ್ಟಿಲು ಮಾತ್ರ ಹಳೆಯವೇ. ಆ ಮೆಟ್ಟಿಲಿನ ಮೇಲೆ ಕೂತು ಮೊಮ್ಮಗನಿಗೆ ಹೇಳಿದೆ.

1992ರ ಮಾರ್ಚ್ 31. ರಂಜಾನಿನ ಕೊನೆಯ ವಾರ. ಯುಗಾದಿ, ರಂಜಾನ್ ಎರಡೂ ಏಪ್ರಿಲ್ ಮೊದಲ ವಾರದಲ್ಲಿ. ಕಂಪ್ಯೂಟರು ನಮ್ಮ ಶಾಖೆಗೆ ಬಂದಿರಲಿಲ್ಲ. ಎಲ್ಲವೂ ಪೆನ್ನು, ಲೆಡ್ಜರು, ಬಾಯಿಲೆಕ್ಕ. ನಮ್ಮ ಕ್ಯಾಷಿಯರ್ ಸಾಹೇಬರು ಅಜ್ಜಂಪುರದವರು, ನನಗಿಂತ ನಾಲ್ಕು ವರ್ಷ ಹಿರಿಯರು, ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಅಂದು ನೀರೂ ಮುಟ್ಟದೆ ಬೆಳಗಿನಿಂದ ಕೌಂಟರಿನಲ್ಲಿ ಕೂತಿದ್ದರು. ಸಂಜೆ ಲೆಕ್ಕ ಹಾಕಿದರೆ ನನ್ನ ಪುಸ್ತಕಕ್ಕಿಂತ ಅವರ ಪೆಟ್ಟಿಗೆಯಲ್ಲಿ 270 ರೂಪಾಯಿ ಕಡಿಮೆ.

“ನಿಮ್ಮ ಕ್ಯಾಷ್ ಎಣಿಸಿ” ಅಂದೆ. ಎಣಿಸಿದರು. ಕಡಿಮೆ. “ಇನ್ನೊಂದ್ಸಲ.” ಮತ್ತೆ ಎಣಿಸಿದರು. ಮಸೀದಿಯಿಂದ ಬಾಂಗು ಕೇಳಿಸಿತು. ಅವರು ತಲೆಯೆತ್ತಿ, “ಹತ್ತು ನಿಮಿಷ ಕೊಡಿ ಸಾರ್, ಬಾಯಿಗೆ ನೀರು ಹಾಕ್ಕೊಂಡು ಬರ್ತೀನಿ” ಅಂದರು. ಟ್ಯಾಲಿ ಆಗದೆ ಕ್ಯಾಷಿಯರ್ ಎದ್ದು ಹೋದರೆ ಜವಾಬ್ದಾರಿ ಯಾರದು ಎಂದು ನಾನು ಎಲ್ಲರ ಮುಂದೆ ಜೋರಾಗಿ ಕೇಳಿದೆ. ಅವರು ಏಳಲಿಲ್ಲ. ಮೂರನೇ ಸಲ ಎಣಿಸಿದರು. ಒಣಗಿದ ಬಾಯಲ್ಲಿ ಬೆರಳು ಒದ್ದೆ ಮಾಡಿಕೊಳ್ಳಲೂ ಆಗದೆ ನೋಟು ಜಾರುತ್ತಿತ್ತು. ಕೊನೆಗೆ ಜೇಬಿಗೆ ಕೈಹಾಕಿ, ಮಕ್ಕಳ ಹಬ್ಬದ ಬಟ್ಟೆಗೆಂದು ಇಟ್ಟುಕೊಂಡಿದ್ದ ಹಣದಿಂದ 270 ರೂಪಾಯಿ ತೆಗೆದು ಪೆಟ್ಟಿಗೆಗೆ ಸೇರಿಸಿದರು. ಬಾಂಗು ಆಗಿ ಮುಕ್ಕಾಲು ಗಂಟೆಯಾಗಿತ್ತು. ಒಂದು ಖರ್ಜೂರ ತೆಗೆದು ಎರಡು ಭಾಗ ಮಾಡಿ, ಅರ್ಧ ನನ್ನ ಮೇಜಿನ ಮೇಲಿಟ್ಟು, “ನೀವೂ ಮಧ್ಯಾಹ್ನದಿಂದ ಏನೂ ತಿಂದಿಲ್ಲ” ಅಂದರು.

ಇಲ್ಲಿ ಮಕ್ಕಳಿಗೆ ಒಂದು ಗುಟ್ಟು. ಲೆಕ್ಕದಲ್ಲಿ ವ್ಯತ್ಯಾಸ ಬಂದಾಗ ಅದನ್ನು ಒಂಬತ್ತರಿಂದ ಭಾಗಿಸಿ ನೋಡಬೇಕು. ಶೇಷವಿಲ್ಲದೆ ಭಾಗವಾದರೆ ಯಾರೋ ಅಕ್ಕಪಕ್ಕದ ಅಂಕಿಗಳನ್ನು ಅದಲುಬದಲು ಬರೆದಿದ್ದಾರೆಂಬ ಅನುಮಾನ. 54ನ್ನು 45 ಎಂದು ಬರೆಯಿರಿ, ವ್ಯತ್ಯಾಸ 9. ಬೇರೆ ಯಾವ ಜೋಡಿ ತೆಗೆದುಕೊಂಡರೂ ಹಾಗೆಯೇ. 270 ಅಂದರೆ ಒಂಬತ್ತು ಮೂವತ್ತಲಿ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಕಲಿತ ವಿದ್ಯೆ. ಆ ಸಂಜೆ ಅದು ನನಗೆ ಹೊಳೆಯಲಿಲ್ಲ. ಅಥವಾ ಹೊಳೆಯಗೊಡಲಿಲ್ಲ, ಏಕೆಂದರೆ ಹೊಳೆದರೆ ಮೊದಲು ನೋಡಬೇಕಾದದ್ದು ನನ್ನ ಪುಸ್ತಕ. ರಾತ್ರಿ ಹತ್ತರ ಮೇಲೆ ಚಲನ್‌ಗಳಿಗೆ ಒಂದೊಂದಾಗಿ ಟಿಕ್ ಹಾಕುತ್ತ ಹೋದಾಗ ಸಿಕ್ಕಿತು: 1,582 ರೂಪಾಯಿ ಜಮೆ, ನನ್ನ ಕೈಬರಹದಲ್ಲಿ 1,852. ಸಾಹೇಬರು ಆಗಲೇ ಕೊನೆಯ ಬಸ್ಸಿಗೆ ಹೋಗಿದ್ದರು. ಮರುದಿನ 270 ರೂಪಾಯಿ ವಾಪಸು ಕೊಟ್ಟೆ. “ಟೋಟಲಿಂಗ್ ಮಿಸ್ಟೇಕು” ಅಂದೆ. ಯಾರದೆಂದು ಹೇಳಲಿಲ್ಲ. ಕೆಲವು ತಿಂಗಳಿಗೆ ಅವರಿಗೆ ವರ್ಗವಾಯಿತು.

ಮೊಮ್ಮಗ ಏನೂ ಅನ್ನಲಿಲ್ಲ. ಮೆಟ್ಟಿಲಿನಿಂದ ಎದ್ದು, “ಅಜ್ಜಂಪುರದ ಬಸ್ ಎಲ್ಲಿ ಸಿಗತ್ತೆ?” ಅಂದ.

ತರೀಕೆರೆಯಿಂದ ಅಜ್ಜಂಪುರದ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಅಡಿಕೆ ತೋಟ ಹಿಂದೆ ಬಿದ್ದು ಬಯಲು ಬಿಚ್ಚಿಕೊಳ್ಳುತ್ತದೆ. ಈರುಳ್ಳಿ, ಆಲೂಗಡ್ಡೆಗೆ ಹೆಸರಾದ ನೆಲ. ಮಾರ್ಚಿನಲ್ಲಿ ಬರೀ ಹೆಂಟೆ. ತರೀಕೆರೆಯಿಂದ ಸುಮಾರು ಹತ್ತು ಕಿಲೋಮೀಟರಿನಲ್ಲಿ ಅಮೃತಾಪುರವಿದೆ, ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಊರು. ಅಜ್ಜಂಪುರದ ‘ಅಮೃತ್ ಮಹಲ್’ಗೂ ಅದಕ್ಕೂ ಸಂಬಂಧವಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಇಟ್ಟ ಹೆಸರು ಅಮೃತ್ ಮಹಲ್. ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಈ ಎತ್ತುಗಳು ಸೈನ್ಯದ ಫಿರಂಗಿ ಎಳೆದವು. ಅಜ್ಜಂಪುರದಲ್ಲಿ ಆ ತಳಿಯನ್ನು ಉಳಿಸಿ ಬೆಳೆಸುವ ಸರಕಾರಿ ಕೇಂದ್ರವಿದೆ. ನೋಡಲೇಬೇಕೆಂದು ಹುಡುಗ ಹಟ ಹಿಡಿದ. ಹಬ್ಬದ ದಿನ ಯಾರು ತೋರಿಸುತ್ತಾರೆ ಎಂದು ಸಿಡುಕಿದೆ.

ಬಸ್ ಸ್ಟ್ಯಾಂಡಿನಲ್ಲಿ “ಬ್ಯಾಂಕ್ ಸಾಹೇಬ್ರ ಮನೆ” ಎಂದಷ್ಟೇ ಕೇಳಿದ್ದು. ಹೊಸ ಬಟ್ಟೆಯ ಹುಡುಗನೊಬ್ಬ ಬಾಗಿಲವರೆಗೂ ಬಿಟ್ಟುಹೋದ. ಸಾಹೇಬರು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಗಡ್ಡವೆಲ್ಲ ಬೆಳ್ಳಗೆ, ಒಂದು ಕಿವಿ ಮಂದ. ನೋಡಿದರು, ನೋಡಿದರು, “ಡೇ ಬುಕ್ ಸಾರ್!” ಅಂದು ಎದ್ದು ಅಪ್ಪಿಕೊಂಡರು. ನಾವು ಮಾಂಸ ತಿನ್ನುವುದಿಲ್ಲವೆಂಬುದನ್ನು ಅವರು ಮರೆತಿರಲಿಲ್ಲ. ಸೊಸೆಯನ್ನು ಕೂಗಿ ಶೀರ್ ಖುರ್ಮಾ ಮಾತ್ರ ತರಿಸಿದರು. ಪಾರ್ಸಿ ಭಾಷೆಯಲ್ಲಿ ಶೀರ್ ಎಂದರೆ ಹಾಲು, ಖುರ್ಮಾ ಎಂದರೆ ಖರ್ಜೂರ. ಹಾಲಿನಲ್ಲಿ ಬೆಂದ ಶಾವಿಗೆಯ ನಡುವೆ ಖರ್ಜೂರದ ಚೂರುಗಳು ತೇಲುತ್ತಿದ್ದವು. ಮೊಮ್ಮಗ ನನ್ನ ಮುಖ ನೋಡಿದ. ತಿಂದೆ.

“ಸಾಹೇಬ್ರೇ, ತೊಂಬತ್ತೆರಡರ ಕ್ಲೋಸಿಂಗ್ ನೆನಪಿದೆಯಾ?”

“ಯಾವುದು, ಆ ಏಳುನೂರಿಪ್ಪತ್ತು ರೂಪಾಯಿದಾ?”

“ಇನ್ನೂರ ಎಪ್ಪತ್ತು.”

“ಏಳುನೂರಿಪ್ಪತ್ತು ಸಾರ್. ಮೂರು ಸಲ ಎಣಿಸಿದವನು ನಾನು.”

“ಬರೆದವನು ನಾನು. ತಪ್ಪು ಬರೆದವನೂ ನಾನೇ. ಅದನ್ನ ಹೇಳೋಕೇ ಬಂದೆ.”

ಅವರು ಕೇಳಿಸುವ ಕಿವಿಯನ್ನು ನನ್ನ ಕಡೆ ತಿರುಗಿಸಿಕೊಂಡಿದ್ದರು, ಆದ್ದರಿಂದ ಕೇಳಿಸಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗೊತ್ತಿತ್ತು. ಮಾರನೇ ದಿನವೇ ಪುಸ್ತಕ ನೋಡಿದ್ದೆ. ಅಂಕಿ ತಿದ್ದಿದ ಕಡೆ ನಿಮ್ಮ ಇನಿಷಿಯಲ್ ಇತ್ತಲ್ಲ” ಅಂದರು.

“ಮತ್ತೆ ಯಾಕೆ ಕೇಳಲಿಲ್ಲ?”

“ನೀವೇ ಹೇಳ್ತೀರ ಅಂತ ಕಾದೆ. ಆಮೇಲೆ ವರ್ಗ ಆಯ್ತು.”

ನನಗೆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಮೊಮ್ಮಗ ಬೆರಳಿನಿಂದ ಅಂಗೈ ಮೇಲೆ ಏನೋ ಬರೆಯುತ್ತಿದ್ದವನು ಕೂಗಿದ: “ತಾತ! ಏಳುನೂರಿಪ್ಪತ್ತರಲ್ಲಿ ಇನ್ನೂರ ಎಪ್ಪತ್ತು ಹೋದ್ರೆ ನಾನೂರೈವತ್ತು. ಅದೂ ಒಂಬತ್ತರಿಂದ ಭಾಗ ಆಗತ್ತೆ! ನಿಮ್ಮಿಬ್ಬರಲ್ಲಿ ಒಬ್ಬರು ಅಂಕಿ ಅದಲುಬದಲು ಮಾಡಿದ್ದೀರ!” ಸಾಹೇಬರು ಕೆಮ್ಮು ಬರುವವರೆಗೆ ನಕ್ಕರು. ಯಾರು ಅದಲುಬದಲು ಮಾಡಿದ್ದೆಂದು ತೀರ್ಮಾನವಾಗಲಿಲ್ಲ. ಪುಸ್ತಕ ಇದ್ದರಲ್ಲವೆ? ಅಷ್ಟು ಹಳೆಯ ಪುಸ್ತಕಗಳನ್ನು ಬ್ಯಾಂಕಿನಲ್ಲಿ ಇಡುವುದಿಲ್ಲ. ಇನ್ನೂರ ಎಪ್ಪತ್ತೇ ಎಂದು ನಾನು ಈಗಲೂ ಹೇಳುತ್ತೇನೆ.

ಹೊರಡುವಾಗ ಅವರು ಒಳಗಿನಿಂದ ಹತ್ತು ರೂಪಾಯಿಯ ಹೊಸ ನೋಟುಗಳ ಕಟ್ಟು ತಂದರು. ಹಬ್ಬಕ್ಕೆ ಮನೆಗೆ ಬಂದ ಮಕ್ಕಳಿಗೆ ಈದಿ ಕೊಡಬೇಕು. ಕ್ಯಾಷಿಯರ್ ಮನೆಯಲ್ಲಿ ಹಳೆಯ ನೋಟು ಕೊಡುವುದುಂಟೆ? ಹೆಬ್ಬೆರಳು ಒದ್ದೆ ಮಾಡಿಕೊಂಡು ಪಟಪಟನೆ ಎಣಿಸಿದರು. ಕೈ ನಡುಗುತ್ತಿದ್ದರೂ ಆ ಸದ್ದು ಹಳೆಯದೇ. ಮೊಮ್ಮಗನಿಗೆ ಕೊಡಬೇಕಾದದ್ದನ್ನು ನನ್ನ ಕೈಗಿಟ್ಟು, “ಎಣಿಸಿಕೊಳ್ಳಿ ಸಾರ್, ಆಮೇಲೆ ಕಡಿಮೆ ಇದೆ ಅನ್ನಬಾರದು” ಅಂದರು.

ಎಣಿಸಿದೆ. ಹತ್ತು ನೋಟು. ಸರಿಯಾಗಿತ್ತು.